ಹಳ್ಳಿ ಹೋಗಿ ಹಳ್ಳವಾದ ಕಥೆ, ಅಥವಾ ರಿವ್ಯೂ ಮಾಡಿದ್ದು ಯಾರು?

ಬರೆಯದೆ ತಿಂಗಳುಗಳೇ ಆದವು. ಸೋಮಾರಿತನಕ್ಕೆ ಕಾರಣ ಹುಡುಕುವುದಿಲ್ಲ :-) ಇವತ್ತು ಮಾತ್ರ ಸಿಟ್ಟು ಬಂದು ಬರೆಯಲು ಕೂತಿದ್ದೇನೆ. ಅರ್ಧ ಸಿಟ್ಟು ನನ್ನ ಮೇಲೇ.

ಹೊಸಪೇಟೆಯಲ್ಲಿ ನಮ್ಮದು ನಾಲ್ಕು ಜನರ ತಂಡ. ಈ ಊರು, ಕಂಪ್ಲಿ, ಸಂಡೂರಿನ ಗೊಬ್ಬರ-ಬೀಜದ ಅಂಗಡಿಗಳಿಗೆ ಕನ್ನಡದಲ್ಲಿ ಬಿಲ್ ಹಾಕುವ ತಂತ್ರಾಂಶ ಮಾಡುತ್ತೇವೆ. ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ ಒಪ್ಪಬೇಕು, ಆಮೇಲೇ ಅದು ಅಂಗಡಿಗೆ ಹೋಗಬೇಕು. ಕೋಡ್ ರಿವ್ಯೂ ಅನ್ನೋದು ಇದಕ್ಕೇ. ಹೋದ ತಿಂಗಳು, ಹಂಪಿ ಕಡೆಯಿಂದ ಬರುವ ನಮ್ಮ ಹುಡುಗ ಒಂದೇ ಮಧ್ಯಾಹ್ನದಲ್ಲಿ ಎಂಟುನೂರು ಸಾಲು ಕಳಿಸಿದ. ಎಐ ಸಹಾಯಕ ಬರೆದದ್ದು. ಪರೀಕ್ಷೆಗಳನ್ನೂ ಅದೇ ಬರೆದಿತ್ತು, ಎಲ್ಲಕ್ಕೂ ಹಸಿರು ಟಿಕ್. ಎಷ್ಟು ಅಚ್ಚುಕಟ್ಟು ಅಂದ್ರೆ... ಮೊದಲ ನೂರು ಸಾಲು ಓದಿದೆ, ಉಳಿದದ್ದರ ಮೇಲೆ ಕಣ್ಣಾಡಿಸಿದೆ, ಒಪ್ಪಿಗೆ ಒತ್ತಿದೆ.

ಮೂರು ದಿನಕ್ಕೆ ಅಂಗಡಿಯಿಂದ ಫೋನು. "ಏನ್ರೀ, ಮರಿಯಮ್ಮನಹಳ್ಳಿ ರೈತರ ಬಿಲ್ಲಿನಲ್ಲೆಲ್ಲ ಮರಿಯಮ್ಮನಹಳ್ಳ ಅಂತ ಬರ್ತಿದೆ!"

ಊರಿನ ಹೆಸರಿಗೆ ಹನ್ನೆರಡು ಅಕ್ಷರದ ಮಿತಿ ಹಾಕಿತ್ತು ಆ ಕೋಡು. ನಮ್ಮ ಕಣ್ಣಿಗೆ ಮರಿಯಮ್ಮನಹಳ್ಳಿ ಏಳೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮ, ರ, ಗುಡಿಸು, ಯ, ಮ, ಹಲಂತ... ಹೀಗೆ ಹದಿಮೂರು. ಕೊನೆಯ ಗುಡಿಸು ಕತ್ತರಿಸಿಹೋಗಿ ಹಳ್ಳಿ ಹಳ್ಳವಾಯ್ತು. ಪರೀಕ್ಷೆಗಳಲ್ಲಿ ಇದ್ದದ್ದು ಇಂಗ್ಲಿಷ್ ಲಿಪಿಯ ಹಂಪಿ, ಸಂಡೂರು, ಕಂಪ್ಲಿ. ಐದಾರು ಅಕ್ಷರ, ಪಾಸಾಗದೆ ಏನು? ಬರಹ, ನುಡಿ ಕಾಲದಿಂದ ಒತ್ತಕ್ಷರದ ಜೊತೆ ಗುದ್ದಾಡಿದ ನಮ್ಮಲ್ಲಿ ಯಾರಿಗಾದರೂ ಓದಿದ್ದರೆ ಹೊಳೆಯುತ್ತಿತ್ತು. ಓದಿದ್ದರೆ!

ಹನ್ನೆರಡು ಯಾಕಪ್ಪಾ ಅಂತ ಹುಡುಗನನ್ನು ಕೇಳಿದೆ.

"ಅದೇ ಹಾಕ್ತು ಸಾರ್."

ನನ್ನ ತಕರಾರು ಇರೋದು ಇಲ್ಲೇ. ಯಂತ್ರ ತಪ್ಪು ಮಾಡಿತು ಅಂತಲ್ಲ, ನಾವೂ ಮಾಡ್ತೀವಿ. ಆದರೆ ರಿವ್ಯೂ ಅಂದ್ರೆ ಎರಡನೇ ಓದು ಆಗಿತ್ತು. ಬರೆದವನು ಒಮ್ಮೆ ಯೋಚಿಸಿರುತ್ತಿದ್ದ. ಯಾಕೆ ಅಂದರೆ ತಪ್ಪೋ ಸರಿಯೋ ಒಂದು ಉತ್ತರ ಇರುತ್ತಿತ್ತು, ಆ ಜಗಳದಲ್ಲೇ ಹೊಸಬರು ಕೆಲಸ ಕಲಿಯುತ್ತಿದ್ದರು. ನಾನೂ ಹಾಗೇ ಕಲಿತದ್ದು. ಈಗ ಆ ಕೋಡನ್ನು ಓದುವ ಮೊದಲ ಮನುಷ್ಯನೇ ರಿವ್ಯೂ ಮಾಡುವವನು! ಸಮಯ ಉಳಿಯಿತು ಅಂತ ಕುಣಿಯುತ್ತೇವಲ್ಲ, ಅದು ಎಲ್ಲೂ ಉಳಿದಿಲ್ಲ ಸ್ವಾಮಿ, ಪಕ್ಕದವನ ತಲೆಗೆ ವರ್ಗಾವಣೆ ಆಗಿದೆ.

ಉಳಿಯಿತು ಅನ್ನೋದೂ ಎಷ್ಟು ನಂಬಬೇಕೋ. ಅಮೆರಿಕದ ಮೀಟರ್ ಎಂಬ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಓಪನ್ ಸೋರ್ಸ್ ಪ್ರೋಗ್ರಾಮರುಗಳ 246 ಕೆಲಸಗಳನ್ನು ಅಳೆದು ನೋಡಿತು. ಎಐ ಬಳಸಿದಾಗ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅವರಿಗೆ ಮಾತ್ರ ಶೇಕಡಾ 20ರಷ್ಟು ಬೇಗ ಮುಗಿಸಿದೆವು ಅನ್ನಿಸಿತ್ತಂತೆ! ಸಲಕರಣೆಗಳು ಆಮೇಲೆ ಸುಧಾರಿಸಿವೆ, ಒಪ್ಪುತ್ತೇನೆ. ಆ ಭ್ರಮೆ ಸುಧಾರಿಸಿದೆಯೇ?

ಬೆಂಗಳೂರಿನ ಗೆಳೆಯನೊಬ್ಬ, "ರಿವ್ಯೂನೂ ಎಐಗೇ ಕೊಡೋ" ಅಂದ. ಅದೇ ಎಂಟುನೂರು ಸಾಲು ಕೊಟ್ಟು ನೋಡಿದೆ. ನನ್ನ ಕಣ್ಣಿಗೆ ಬೀಳದ ಎರಡು ತಪ್ಪು ತೋರಿಸಿತು, ಸುಳ್ಳು ಹೇಳಬಾರದು. ಹಳ್ಳದ ಬಗ್ಗೆ ಒಂದು ಮಾತಿಲ್ಲ. ಉತ್ತರ ಬರೆದವನ ಕೈಗೇ ತಿದ್ದಲು ಕೊಟ್ಟರೆ ಇನ್ನೇನಾಗುತ್ತೆ, ನೀವೇ ಹೇಳಿ.

ಈಗ ನಮ್ಮಲ್ಲಿ ಕಟ್ಟಳೆ: ಯಾರ ಹೆಸರಲ್ಲಿ ಕೋಡ್ ಬರುತ್ತೋ ಅವರೇ ಎದುರು ಕೂತು ವಿವರಿಸಬೇಕು. "ಅದೇ ಹಾಕ್ತು" ಅಂದರೆ ವಾಪಸ್. ಇನ್ನೂರು ಸಾಲು ದಾಟಿದರೆ ಓದದೇ ವಾಪಸ್. ವೇಗ ಕಮ್ಮಿಯಾಯ್ತು ಅಂತ ನನ್ನ ಪಾಲುದಾರ ಗೊಣಗುತ್ತಿದ್ದಾನೆ, ಗೊಣಗಲಿ.

ನಿನ್ನೆ ಹುಡುಗ ಅರವತ್ತು ಸಾಲು ಹಿಡಿದು ಬಂದ. ಪರೀಕ್ಷೆಯ ಮೊದಲ ಊರು ತೋರಣಗಲ್ಲು, ಕನ್ನಡದಲ್ಲೇ. ಇದೇ ಯಾಕಪ್ಪಾ ಅಂದೆ.

"ಐದಕ್ಷರ ಕಾಣುತ್ತೆ ಸಾರ್, ಎಣಿಸಿದ್ರೆ ಒಂಬತ್ತು."