ಪ್ರವಾಸೋದ್ಯಮದ ಲೆಕ್ಕದಲ್ಲಿ ದುಡಿಯುವವನೂ ಸೇರಲಿ

ನಮ್ಮ ಪುಣೆ ಜಿಲ್ಲೆಯ ಶಿವನೇರಿ, ಲೋಹಗಡ, ರಾಜಗಡ ಕೋಟೆಗಳು ೨೦೨೫ರ ಜುಲೈ ತಿಂಗಳಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮರಾಠರ ೧೨ ಕೋಟೆಗಳಿಗೆ ಒಟ್ಟಾಗಿ ದೊರೆತ ಮನ್ನಣೆಯಿದು. ಈ ನೆಲದ ಅನ್ನ ಉಣ್ಣುತ್ತಿರುವ ಕನ್ನಡಿಗರಾದ ನಮಗೂ ಇದು ಸಂತೋಷದ ಸಂಗತಿಯೇ. ಇನ್ನು ಪ್ರವಾಸಿಗರು ಹೆಚ್ಚುವರು, ಹಳ್ಳಿಗಳಿಗೆ ಹಣ ಹರಿಯುವುದು, ಪ್ರದೇಶವೇ ಏಳಿಗೆ ಹೊಂದುವುದು ಎಂಬ ಮಾತು ಕೇಳಿಬರುತ್ತಿದೆ. ಮಾತು ಸುಳ್ಳಲ್ಲ, ಆದರೆ ಅದು ತಾನಾಗಿಯೇ ನಿಜವಾಗುವುದೂ ಇಲ್ಲ.

ಜನ ಬಂದರೆ ಸಾಲದು, ಬಂದವರ ಭಾರವನ್ನು ತಾಳುವ ಏರ್ಪಾಡು ಬೇಕು. ೨೦೨೫ರ ಜೂನ್ ೧೫ರ ಭಾನುವಾರ ತಳೇಗಾಂವ ಬಳಿಯ ಕುಂಡಮಳಾದಲ್ಲಿ ಪ್ರವಾಸಿಗರಿಂದ ಕಿಕ್ಕಿರಿದಿದ್ದ ಹಳೆಯ ಕಬ್ಬಿಣದ ಸೇತುವೆ ಇಂದ್ರಾಯಣಿಗೆ ಕುಸಿದು ನಾಲ್ವರು ಸತ್ತರು. ದೊಡ್ಡ ಬಂಡವಾಳವೊಂದನ್ನೇ ನಂಬಿದರೂ ಆಗದು. ಮುಳಶಿಯ ಗುಡ್ಡಗಳಲ್ಲಿ ಎದ್ದ ಲವಾಸಾ ನಗರದ ಕೆಲಸಕ್ಕೆ ೨೦೧೦ರಲ್ಲಿ ಪರಿಸರ ಸಚಿವಾಲಯವು ತಡೆ ಹಾಕಿತು. ೨೦೧೮ರಲ್ಲಿ ಕಂಪನಿಯ ವ್ಯವಹಾರ ದಿವಾಳಿಯ ವಿಚಾರಣೆಗೆ ಹೋಯಿತು.

ನಮ್ಮ ಹಂಪಿಯ ಪಾಠವೂ ಇದೆ. ೧೯೮೬ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ೨೫ ವರ್ಷಗಳ ಮೇಲೆ, ೨೦೧೧ರ ಜುಲೈಯಲ್ಲಿ, ಹಂಪಿ ಬಜಾರಿನಲ್ಲಿ ಅಂಗಡಿಯಿಟ್ಟು ಬದುಕುತ್ತಿದ್ದ ಸಂಸಾರಗಳನ್ನು ಎಬ್ಬಿಸಲಾಯಿತು. ಮಂಟಪಗಳನ್ನು ಕಾಪಾಡಬೇಕಾದುದು ನಿಜ. ಆದರೆ ಆ ಜನರ ಬದುಕಿಗೆ ಬೇರೆ ಎಡೆಯನ್ನು ಮೊದಲೇ ಗೊತ್ತುಮಾಡುವುದೇ ಅಲ್ಲವೆ ಯೋಜನೆಯೆಂದರೆ? ಲೋಹಗಡದ ಬುಡದ ಹಳ್ಳಿಯವರಿಗೆ ನಾಳೆ ಅದೇ ಗತಿ ಬರಬಾರದು.

ಇನ್ನು ನಮ್ಮವರ ಮಾತು. ಪ್ರವಾಸಿಯು ಕೋಟೆಯನ್ನು ಕಾಣುವ ಮೊದಲು ಹೋಟೆಲಿನ ಮಾಣಿಯನ್ನು ಕಾಣುತ್ತಾನೆ. ಉಡುಪಿ, ಕುಂದಾಪುರಗಳಿಂದ ಬಂದು ಒಲೆಯ ಮುಂದೆ ಬೇಯುವ ಅಡಿಗೆಯವರಿಲ್ಲದೆ ಈ ಉದ್ಯಮ ಒಂದು ದಿನವೂ ನಡೆಯದು. ೨೦ ಮಂದಿ ದುಡಿಯುವ ಹೋಟೆಲಿಗೆ ಭವಿಷ್ಯನಿಧಿಯ ಕಾನೂನು ಅನ್ವಯಿಸುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಕಾನೂನಿದ್ದೇನು ಫಲ? ಹಂಗಾಮಿಗೆ ಕರೆದು, ಹಂಗಾಮು ಮುಗಿದೊಡನೆ ಕಳುಹಿಸುವ ಕೆಲಸವನ್ನು ಉದ್ಯೋಗವೆಂದು ಎಣಿಸುವುದು ಸರಿಯಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಪ್ರಚಾರಕ್ಕೆ ಮೊದಲು ದಾರಿ, ಸೇತುವೆಗಳ ಪರೀಕ್ಷೆಯಾಗಲಿ; ಕೋಟೆಯ ಬುಡದ ಅಂಗಡಿಗಳ ಪರವಾನಗಿ ಮೊದಲು ಆ ಹಳ್ಳಿಯವರಿಗೆ ಸಿಗಲಿ; ಪ್ರವಾಸೋದ್ಯಮದ ಹೆಸರಿನಲ್ಲಿ ಸರಕಾರದ ನೆರವು ಪಡೆಯುವ ಪ್ರತಿ ಹೋಟೆಲೂ ಕೆಲಸಗಾರರ ಹೆಸರನ್ನು ದಾಖಲೆಯಲ್ಲಿ ತೋರಿಸಲಿ. ಕಾರ್ಮಿಕ ಬಂಧುಗಳೇ, ಇಂದೇ ನಿಮ್ಮ ಹೆಸರು ಪುಸ್ತಕದಲ್ಲಿದೆಯೇ ಎಂದು ಕೇಳಿರಿ. ಒಬ್ಬರಾಗಿ ಕೇಳಲು ಅಂಜಿಕೆಯಾದರೆ ಹತ್ತು ಮಂದಿ ಕೂಡಿ ಕೇಳಿರಿ.