ಹಕ್ಕಿ ನೋಡೋಕೆ ಥಾಯ್ಲೆಂಡ್ ಆಮೇಲೆ, ಮೊದಲು ಹಗರಿಬೊಮ್ಮನಹಳ್ಳಿ

ಚಳಿಗಾಲ ಬಂತೆಂದರೆ ನಮ್ಮ ಭಾಗದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಗ್ಯಾರಂಟಿ. ‘ಕೆರೆಗೆ ವಿದೇಶಿ ಅತಿಥಿಗಳು’ ಅಂತ ತಲೆಬರಹ, ಕೆಳಗೆ ದೊಡ್ಡ ಫೋಟೊ. ಹಕ್ಕಿ ಎಲ್ಲಿಂದ ಬಂತು, ಎಷ್ಟು ದಿನ ಇರುತ್ತೆ, ಅರಣ್ಯ ಇಲಾಖೆಯವರು ಏನಂದರು, ಎಲ್ಲ ಇರುತ್ತೆ. ಅಲ್ಲಿಗೆ ಹೋಗೋದು ಹೇಗೆ ಅನ್ನೋದೊಂದು ಮಾತ್ರ ಇರೋದಿಲ್ಲ. ಯಾವ ಊರಿನ ಬಸ್ ಹತ್ತಬೇಕು, ಎಲ್ಲಿ ಇಳೀಬೇಕು, ರಾತ್ರಿ ಎಲ್ಲಿ ಉಳೀಬೇಕು, ಜೇಬಲ್ಲಿ ಎಷ್ಟಿರಬೇಕು? ಓದುಗರೆಲ್ಲ ಕಾರಿನವರೇ ಅಂತ ಬರೆಯೋರು ಅಂದುಕೊಂಡಂತಿದೆ.

ಹೀಗಾಗಿಯೇ ಹಕ್ಕಿ ವೀಕ್ಷಣೆ ಅಂದರೆ ಮೊಣಕಾಲುದ್ದದ ಲೆನ್ಸ್ ಇರೋರ ಕೆಲಸ, ರೆಸಾರ್ಟಿನವರ ಕೆಲಸ ಅನ್ನೋ ಭಾವನೆ ಹಳ್ಳಿ ಕಡೆ ಗಟ್ಟಿಯಾಗಿದೆ. ಇದು ಸುಳ್ಳು ಅನ್ನೋದು ನನ್ನ ವಾದ. ಹರಿಹರ ಅಥವಾ ದಾವಣಗೆರೆಯಿಂದ ಹೊರಟು, ಸರ್ಕಾರಿ ಬಸ್ಸು-ರೈಲಿನಲ್ಲೇ ಮೂರು ದಿನ ಓಡಾಡಿ, ಪೇಟೆಯ ಸಾದಾ ಲಾಡ್ಜಿನಲ್ಲಿ ಮಲಗಿ, ಜಗತ್ತೇ ಗುರುತಿಸಿದ ಎರಡು ಕೆರೆಗಳನ್ನು ನೋಡಿ ಬರಬಹುದು. ಇನ್ನೂ ಒಂದು ಮಾತಿದೆ. ಹೀಗೆ ಬಸ್ಸಲ್ಲಿ ಹೋಗೋರಿಂದಲೇ ಆ ಕೆರೆಗಳಿಗೂ ಒಳ್ಳೇದು.

ದಾವಣಗೆರೆಯ ಟ್ರಾವೆಲ್ಸ್ ಬೋರ್ಡುಗಳಲ್ಲಿ ಈಗ ಬ್ಯಾಂಕಾಕ್-ಪಟ್ಟಾಯ ಮಾಮೂಲಿ. ಅದೇ ಥಾಯ್ಲೆಂಡಿಗೆ ಹಕ್ಕಿ ನೋಡೋಕೆ ಅಂತಲೇ ಹೋಗೋ ಬೇರೆ ಥರದ ಜನರೂ ಇದ್ದಾರೆ. ಪ್ಯಾಕೇಜ್ ಇಲ್ಲ, ಬೆನ್ನಿಗೊಂದು ಚೀಲ, ಊರವರ ವ್ಯಾನು, ಅಗ್ಗದ ರೂಮು. ಅಲ್ಲಿ ಪೆಚ್ಚಬುರಿ ಪ್ರಾಂತ್ಯದಲ್ಲಿ ಪಾಕ್ ಥಲೆ ಅನ್ನೋ ಜಾಗ ಇದೆ. ಕಾಡಲ್ಲ, ಕಡಲಂಚಿನ ಉಪ್ಪಿನ ಗದ್ದೆಗಳು. ರಷ್ಯಾದ ಈಶಾನ್ಯ ತುದಿಯಿಂದ ಚಮಚದಂಥ ಕೊಕ್ಕಿನ, ಗುಬ್ಬಿ ಗಾತ್ರದ ಹಕ್ಕಿಯೊಂದು ಚಳಿಗಾಲಕ್ಕೆ ಅಲ್ಲಿ ಇಳಿಯುತ್ತೆ. ಭೂಮಿಯ ಮೇಲೆ ಕೆಲವೇ ನೂರು ಉಳಿದಿರೋ ಹಕ್ಕಿ. ಅದನ್ನು ನೋಡೋಕೆ ದೇಶ ದೇಶದಿಂದ ಜನ ಬರ್ತಾರೆ. ಹತ್ತಿರದ ಕಡಲಂಚಿನಲ್ಲಿ ದೋಣಿಯವರು ಹಕ್ಕಿ ತೋರಿಸಿಯೇ ನಾಲ್ಕು ಕಾಸು ಸಂಪಾದಿಸ್ತಾರೆ. ಉಪ್ಪು ಮಾಡೋರು ಉಪ್ಪು ಮಾಡ್ತಾನೇ ಇದ್ದಾರೆ, ಹಕ್ಕಿಯೂ ಬರುತ್ತೆ, ನೋಡೋರೂ ಬರ್ತಾರೆ.

ನಮ್ಮದೂ ಹಾಗೇ ಅಲ್ಲವೇ? ಬೇಲಿ ಹಾಕಿದ ಕಾಡಿಗಿಂತ ಹೆಚ್ಚು ಹಕ್ಕಿ ಇರೋದು ನಾವು ದುಡಿಯೋ ಜಾಗದಲ್ಲಿ. ಭದ್ರಾ ನಾಲೆ ನೀರು ಬಿಟ್ಟು ಗದ್ದೆ ರೊಳ್ಳೆ ಹೊಡೆಯುವಾಗ ಟ್ರ್ಯಾಕ್ಟರ್ ಹಿಂದೆ ಸಾಲುಗಟ್ಟೋ ಬೆಳ್ಳಕ್ಕಿ, ಕೆಂಬರಲು ಯಾರಿಗೆ ಗೊತ್ತಿಲ್ಲ? ಮೊದಲ ಪಾಠ ಅಲ್ಲೇ ಆಗಲಿ. ಒಂದು ಬೆಳಿಗ್ಗೆ ಕೊಂಡಜ್ಜಿ ಕೆರೆ ಏರಿ ಮೇಲೆ ಎರಡು ಗಂಟೆ ಕೂತರೆ ನೀರುಕಾಗೆ ಯಾವುದು, ಮಿಂಚುಳ್ಳಿ ಯಾವುದು, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಯಾವುದು ಅಂತ ಕಣ್ಣು ಪಳಗುತ್ತೆ. ಮೊಬೈಲಿನಲ್ಲಿ ಮರ್ಲಿನ್ ಅನ್ನೋ ಆ್ಯಪ್ ಹಾಕಿಕೊಳ್ಳಿ, ದುಡ್ಡಿಲ್ಲ. ಮನೆಯ ವೈಫೈ ಇದ್ದಾಗಲೇ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಟ್ಟರೆ ಕೆರೆ ಹತ್ತಿರ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ.

ಈಗ ದಾರಿ. ಡಿಸೆಂಬರ್ ಕೊನೆ, ಜನವರಿ ಒಳ್ಳೇ ಕಾಲ. ಹರಿಹರದಿಂದ ಹರಪನಹಳ್ಳಿ, ಕೊಟ್ಟೂರು ಮಾರ್ಗವಾಗಿ ಹೊಸಪೇಟೆಗೆ ರೈಲು ಹಳಿ ಇದೆ. (ಹರಪನಹಳ್ಳಿ ಮೊನ್ನೆ ಮೊನ್ನೆಯವರೆಗೂ ನಮ್ಮ ಜಿಲ್ಲೆಯೇ, ಈಗ ವಿಜಯನಗರಕ್ಕೆ ಹೋಗಿದೆ.) ಪ್ಯಾಸೆಂಜರ್ ಸಮಯ ಆಗಾಗ ಬದಲಾಗುತ್ತೆ, ಹಿಂದಿನ ದಿನ ವಿಚಾರಿಸಿ, ಸಿಗದಿದ್ದರೆ ಬಸ್ಸು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಅಂಕಸಮುದ್ರಕ್ಕೆ ಆಟೋ ಹಿಡೀರಿ. ನೀರಾವರಿಗೆ ಅಂತ ಹಿಂದಿನವರು ಕಟ್ಟಿದ ಊರ ಕೆರೆ ಅದು. ಸುಮಾರು 244 ಎಕರೆ. ನೀರಿನ ನಡುವೆ ಜಾಲಿ ಮರಗಳು, ಅವುಗಳ ಮೇಲೆ ಹಕ್ಕಿಗಳ ಸಂಸಾರ. ಬಣ್ಣದ ಕೊಕ್ಕರೆಗಳನ್ನು ಏರಿ ಮೇಲೆ ನಿಂತು ಬರಿಗಣ್ಣಲ್ಲೇ ನೋಡಬಹುದು. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಂಜೆ ಹೊತ್ತು ಮುಳುಗೋ ಮುಂಚೆ ಒಂದು ಗಂಟೆ ಮತ್ತು ಮರುದಿನ ಬೆಳಗಿನ ಎರಡು ಗಂಟೆ, ಎರಡೂ ಸಿಗೋ ಹಾಗೆ ಹಗರಿಬೊಮ್ಮನಹಳ್ಳಿಯಲ್ಲೇ ರಾತ್ರಿ ಉಳಿಯೋದು ವಾಸಿ.

ಅಲ್ಲಿಂದ ಹೊಸಪೇಟೆ, ಕೊಪ್ಪಳ ದಾಟಿ ಗದಗಕ್ಕೆ ರೈಲೂ ಇದೆ, ಬಸ್ಸೂ ಇದೆ. ಗದಗದಲ್ಲಿ ಮಲಗಿ ಬೆಳಿಗ್ಗೆ ಮಾಗಡಿ ಕೆರೆ. ರಾಮನಗರ ಕಡೆಯ ಮಾಗಡಿ ಅಲ್ಲ ಮತ್ತೆ, ಶಿರಹಟ್ಟಿ ತಾಲೂಕಿನದು. ಗದಗದಿಂದ ಸುಮಾರು 26 ಕಿ.ಮೀ. ಇದೂ ಅಂಕಸಮುದ್ರದ ಜೊತೆಗೇ ರಾಮ್‌ಸರ್ ಪಟ್ಟಿ ಸೇರಿದ ಕೆರೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರೋ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಇಲ್ಲಿಗೆ ಬರ್ತವೆ. ಲಡಾಖಿನಲ್ಲೂ ಇವು ಮರಿ ಮಾಡ್ತವೆ, ಹಾಗಾಗಿ ಎಲ್ಲವನ್ನೂ ‘ವಿದೇಶಿ’ ಅನ್ನೋಕೆ ಆಗಲ್ಲ. ಹಗಲು ಕೆರೆಯಲ್ಲಿ ತಂಗಿ, ಮೇಯೋಕೆ ಸುತ್ತಲ ಹೊಲಗಳಿಗೆ ಹೋಗ್ತವೆ.

ಖರ್ಚು ನನ್ನ ಅಂದಾಜಲ್ಲಿ ಹೀಗೆ. ಇಬ್ಬರು ಸೇರಿ ಹೋದರೆ ಲಾಡ್ಜ್ ರೂಮಿಗೆ ರಾತ್ರಿಗೆ 700 ಹಿಡೀರಿ, ತಲಾ 350. ಎರಡು ರಾತ್ರಿಗೆ 700. ಊಟ-ತಿಂಡಿ ದಿನಕ್ಕೆ 250, ಮೂರು ದಿನಕ್ಕೆ 750. ಬಸ್ಸು-ರೈಲು 600, ಆಟೋ ಪಾಲು 250. ಒಟ್ಟು 2,300. ಹೆಣ್ಣುಮಕ್ಕಳು ಬಸ್ಸಲ್ಲೇ ಹೋದರೆ ಆ 600 ಕೂಡ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಆಧಾರ್ ತೋರಿಸಿದರೆ ಸಾಕು. ಧರ್ಮಸ್ಥಳ, ಸವದತ್ತಿಗೆ ತುಂಬಿ ಹೋಗೋ ಬಸ್ಸಿನಲ್ಲಿ ನಾಲ್ಕು ಕಾಲೇಜು ಹುಡುಗಿಯರು ಹಕ್ಕಿ ನೋಡೋಕೆ ಹೊರಟರೆ ಮನೆಯವರು ಏನಂತಾರೋ ಗೊತ್ತಿಲ್ಲ, ಆದರೆ ದುಡ್ಡಿಲ್ಲ ಅನ್ನೋ ನೆಪ ಮಾತ್ರ ಈಗ ನಡೆಯಲ್ಲ. ದುರ್ಬೀನು ಒಂದೇ ದುಬಾರಿ. ನಾಲ್ಕು ಜನ ಸೇರಿ 8x40 ಅಳತೆಯದೊಂದು ಕೊಳ್ಳಿ. ಇಲ್ಲವಾದರೆ ಬಿಡಿ, ಈ ಎರಡು ಕೆರೆಗೆ ಅದಿಲ್ಲದೆಯೂ ಆಗುತ್ತೆ.

ಗೆಳೆಯರೊಬ್ಬರು ಈ ವಿಚಾರಕ್ಕೆ ತಕರಾರು ತೆಗೆದರು. ‘ಜಾಗ ಎಲ್ಲರಿಗೂ ಹೇಳಿದರೆ ಜಾತ್ರೆ ಆಗುತ್ತೆ, ಹಕ್ಕಿ ಎದ್ದು ಹೋಗುತ್ತೆ’ ಅಂತ. ಭಯ ಸುಳ್ಳಲ್ಲ. ಗೂಡಿನ ಹತ್ತಿರ ಹೋಗೋದು, ಡ್ರೋನ್ ಹಾರಿಸೋದು, ಹಾರೋ ಫೋಟೊ ಬೇಕು ಅಂತ ಚಪ್ಪಾಳೆ ತಟ್ಟೋದು, ಇಂಥ ಕಾಟ ಇದೆ. ಆದರೆ ಅದಕ್ಕೆ ಮದ್ದು ಊರವರೇ ಹೊರತು ಗುಟ್ಟಲ್ಲ. ಹಿಮಾಲಯ ದಾಟಿ ಬಂದ ಬಾತು ಮೇಯೋದು ಯಾರದೋ ಬೆಳೆಯನ್ನ. ನಷ್ಟ ರೈತನದು, ಫೋಟೊ ಬೆಂಗಳೂರಿನವರದು. ಕಾರಿನಲ್ಲಿ ಬಂದು, ತಂದ ಬುತ್ತಿ ಕಾರಿನಲ್ಲೇ ಉಂಡು, ನೀರಿನ ಬಾಟಲಿ ಏರಿ ಮೇಲೆ ಎಸೆದು ಹೋದರೆ ಊರಿಗೆ ಉಳಿದದ್ದೇನು? ಬಸ್ಸಲ್ಲಿ ಬಂದೋರಿಗೆ ಚಹಾ ಬೇಕು, ಆಟೋ ಬೇಕು, ಮಧ್ಯಾಹ್ನಕ್ಕೆ ಎರಡು ರೊಟ್ಟಿ ಬೇಕು, ‘ಹಕ್ಕಿ ಇವತ್ತು ಯಾವ ಕಡೆ ಐತ್ರಿ’ ಅಂತ ಕೇಳೋಕೆ ಒಬ್ಬ ಹುಡುಗ ಬೇಕು. ಆ ಹುಡುಗನಿಗೆ ನೂರು ರೂಪಾಯಿ ಕೊಡಿ, ಸುಮ್ಮನೆ ಕರ್ಕೊಂಡು ಓಡಾಡಬೇಡಿ. ಮುಂದಿನ ವರ್ಷ ಕೆರೆಯಲ್ಲಿ ಬಲೆ ಬೀಸೋಕೆ ಬಂದವನನ್ನ ಮೊದಲು ತಡೆಯೋನು ಅವನೇ.

ಊರವರಿಗೆ ಏನೂ ದಕ್ಕದಿದ್ದರೆ ಏನಾಗುತ್ತೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ಹರಿಹರದ ಹೊಳೆ ದಾಟಿದರೆ ರಾಣೇಬೆನ್ನೂರು ತಾಲೂಕು. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ಒಂದು ಕಾಲಕ್ಕೆ ಸುಮಾರು ಒಂದು ಮೀಟರ್ ಎತ್ತರದ ಎರ್ಲಡ್ಡು ಹಕ್ಕಿ ಆ ಬಯಲಲ್ಲಿ ಓಡಾಡುತ್ತಿತ್ತು. ಹುಲ್ಲುಗಾವಲನ್ನ ಬರಡು ನೆಲ ಅಂತ ತಿಳಿದು ನೀಲಗಿರಿ ನೆಟ್ಟರು. ಈಗ ಆ ಹಕ್ಕಿ ಅಲ್ಲಿಲ್ಲ. ರಾಜ್ಯದಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ ಅಂತಾರೆ.

ಇಲಾಖೆಗೆ ಕೇಳೋದು ದೊಡ್ಡದೇನಲ್ಲ. ವೀಕ್ಷಣಾ ಗೋಪುರಕ್ಕೂ ಮೊದಲು ಒಂದು ಶೌಚಾಲಯ, ಕುಡಿಯೋ ನೀರು, ಮತ್ತೆ ಬಸ್ ಇಳಿಯೋ ಜಾಗದಲ್ಲಿ ಕನ್ನಡದ ಒಂದು ಬೋರ್ಡು. ಅದರಲ್ಲಿ ಹಕ್ಕಿ ಹೆಸರಿನ ಕೆಳಗೆ ವಾಪಸ್ ಹೋಗೋ ಕೊನೇ ಬಸ್ಸಿನ ಟೈಮೂ ಇರಲಿ.