ಹಣ ಕಟ್ಟಿದ ಮೇಲೆ ಕೇಳುವವರಾರು?

ಸುಲ್ತಾನ್ ಬಜಾರಿನಲ್ಲಿ ಒಂದು ಸೀರೆ ಕೊಳ್ಳಬೇಕಾದರೆ ನಮ್ಮ ಹೆಣ್ಣುಮಕ್ಕಳು ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಸೆರಗು ಬಿಚ್ಚಿಸಿ ಬೆಳಕಿಗೆ ಹಿಡಿಯುತ್ತಾರೆ. ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತಾರೆ. ಅಂಗಡಿಯವನು ಹೇಳಿದ ಬೆಲೆಯ ಅರ್ಧದಿಂದ ಮಾತು ಆರಂಭಿಸುತ್ತಾರೆ. ಗಂಡಸರೂ ಕಡಿಮೆಯಲ್ಲ, ಒಂದು ಸ್ಕೂಟರಿಗೆ ಹತ್ತು ಜನರ ಅಭಿಪ್ರಾಯ ಬೇಕು. ಇಷ್ಟು ಜಾಣರಾದ ನಾವು, ಹೆತ್ತ ತಾಯಿಯನ್ನೋ ಒಂಟಿಯಾಗಿ ಉಳಿದ ದೊಡ್ಡಪ್ಪನನ್ನೋ ವೃದ್ಧಾಶ್ರಮಕ್ಕೆ ಸೇರಿಸುವಾಗ ಮಾತ್ರ ಏನನ್ನೂ ಕೇಳುವುದಿಲ್ಲ. ಮುಂದಿನ ಹಜಾರ ನೋಡಿ, ಅಲ್ಲಿನ ದೇವರ ಪಟಕ್ಕೆ ಕೈ ಮುಗಿದು, ಠೇವಣಿ ಕಟ್ಟಿ, ರಸೀದಿಯನ್ನು ಜೇಬಿಗಿಟ್ಟುಕೊಂಡು ಬಂದುಬಿಡುತ್ತೇವೆ. ಇದೇಕೆ ಹೀಗೆ?

ಉತ್ತರ ಒಂದೇ ಮಾತಿನಲ್ಲಿದೆ: ನಾಚಿಕೆ. ನಮ್ಮ ಸಭೆ ಸಮಾರಂಭಗಳಲ್ಲಿ ಯಾರಾದರೊಬ್ಬರು ಎದ್ದು ನಿಂತು, “ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ, ಅದು ಪಶ್ಚಿಮದವರ ಪದ್ಧತಿ” ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಯಾರ ತಾಯಿ ಊರ ಹೊರಗಿನ ಆಶ್ರಮವೊಂದರಲ್ಲಿದ್ದಾಳೋ ಆ ಮನುಷ್ಯ ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸುತ್ತಾನೆ. ಅಂದಿನಿಂದ ಆತ ಆ ವಿಷಯ ಯಾರೊಡನೆಯೂ ಎತ್ತುವುದಿಲ್ಲ. “ಅಮ್ಮ ತಂಗಿಯ ಮನೆಯಲ್ಲಿದ್ದಾರೆ” ಎಂದು ಬಿಡುತ್ತಾನೆ. ಗುಟ್ಟಾಗಿ ಸೇರಿಸಿದವನು ಗಟ್ಟಿಯಾಗಿ ಪ್ರಶ್ನೆ ಕೇಳಬಲ್ಲನೇ? ಇದನ್ನು ಆಶ್ರಮ ನಡೆಸುವವರು ಚೆನ್ನಾಗಿ ಬಲ್ಲರು. ನಮ್ಮ ನಾಚಿಕೆಯೇ ಅವರ ಬಂಡವಾಳ.

ಸಂಸ್ಕೃತಿಯ ಮಾತಾದರೂ ಪೂರ್ತಿ ನಿಜವೇ? ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ವೃದ್ಧರ ಆಶ್ರಯವನ್ನು ಆರಂಭಿಸಿ ಶತಮಾನ ದಾಟಿತು. ಅದು ಪರದೇಶದಿಂದ ಬಂದದ್ದು ಎನ್ನೋಣ. ಆದರೆ ಗಂಡ ಸತ್ತ ಹೆಣ್ಣುಮಕ್ಕಳನ್ನು ಕಾಶಿಗೋ ಬೃಂದಾವನಕ್ಕೋ ಕಳಿಸಿ, “ಪುಣ್ಯಕ್ಷೇತ್ರದಲ್ಲಿದ್ದಾರೆ” ಎಂದು ನೆಮ್ಮದಿಯಾಗಿದ್ದ ಮನೆತನಗಳು ಯಾವ ದೇಶದವು? ಅದೂ ಒಂದು ವೃದ್ಧಾಶ್ರಮವೇ. ಬೋರ್ಡು ಇರಲಿಲ್ಲ, ಅಷ್ಟೆ.

ಈ ನಗರದ ಕನ್ನಡಿಗರ ಸ್ಥಿತಿಯನ್ನೇ ನೋಡಿ. ಬೀದರ್, ಗುಲ್ಬರ್ಗ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಓದಲು, ನೌಕರಿಗೆ, ವ್ಯಾಪಾರಕ್ಕೆಂದು ಅಲ್ಲಿಂದ ಬಂದವರು ಸುಲ್ತಾನ್ ಬಜಾರ್, ಬಡೀಚೌಡಿ, ಕಾಚಿಗುಡಗಳ ಸುತ್ತ ನೆಲೆಸಿದರು. ಮೈಸೂರು, ಮಂಗಳೂರು ಕಡೆಯವರು ಬ್ಯಾಂಕು, ಹೋಟೆಲು, ಸರಕಾರಿ ಕಾರ್ಖಾನೆಗಳನ್ನು ನಂಬಿ ಬಂದರು. ಅವರ ಮಕ್ಕಳು ಈಗ ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿದ್ದಾರೆ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಇಬ್ಬರು ಮುದುಕರು ಉಳಿದು, ಒಬ್ಬರು ಬಚ್ಚಲಲ್ಲಿ ಜಾರಿಬಿದ್ದರೆ ಎತ್ತಲು ಇನ್ನೊಬ್ಬರಿಗೆ ಶಕ್ತಿಯಿಲ್ಲ. ಮಗ-ಸೊಸೆ ಇದೇ ಊರಿನಲ್ಲಿದ್ದರೂ ಇಬ್ಬರೂ ದುಡಿಯುವವರು. ಎಲ್ಲಕ್ಕೂ ಸೊಸೆಯನ್ನೇ ದೂರುವ ಹಳೆಯ ಚಾಳಿಯನ್ನು ಬಿಡೋಣ. ಇಂಥಲ್ಲಿ ಆಶ್ರಮಕ್ಕೆ ಸೇರಿಸುವುದು ಪಾಪವಲ್ಲ. ಸೇರಿಸಿ ಕಣ್ಣು ಮುಚ್ಚಿಕೊಳ್ಳುವುದು ಪಾಪ.

ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2020ರ ಜನವರಿಯಲ್ಲಿ ನಮ್ಮ ಊರಿನ ಅಂಚಿನಲ್ಲೇ, ಕೀಸರ ಬಳಿಯ ನಾಗಾರಂನ ಆಶ್ರಮವೊಂದಕ್ಕೆ ಪೊಲೀಸರು ನುಗ್ಗಿದಾಗ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೂಡಿಹಾಕಿದ್ದು ಕಂಡಿತು. ವೃದ್ಧರು, ಮನೋರೋಗಿಗಳು ಎಲ್ಲರೂ ಒಂದೇ ದೊಡ್ಡಿಯಲ್ಲಿ, ಕೆಲವರಿಗೆ ಸರಪಳಿ. 2023ರ ಜನವರಿ 1ರ ನಸುಕಿನಲ್ಲಿ ದಿಲ್ಲಿಯ ಗ್ರೇಟರ್ ಕೈಲಾಸದಂಥ ಸಿರಿವಂತರ ಬಡಾವಣೆಯ ವೃದ್ಧರ ಆರೈಕೆ ಕೇಂದ್ರಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. 2025ರ ಜೂನ್‌ನಲ್ಲಿ ನೋಯ್ಡಾದ ಆಶ್ರಮವೊಂದರಿಂದ ಸುಮಾರು 40 ವೃದ್ಧರನ್ನು ಬಿಡಿಸಿ ತರಬೇಕಾಯಿತು. ಕೈ ಕಟ್ಟಿದ ಒಬ್ಬ ವೃದ್ಧೆಯ ವಿಡಿಯೋ ಹೊರಬಿದ್ದ ಮೇಲೆಯೇ ಅಧಿಕಾರಿಗಳು ಎಚ್ಚೆತ್ತದ್ದು. ಅದು ದಿಕ್ಕಿಲ್ಲದವರ ಧರ್ಮಛತ್ರವಾಗಿರಲಿಲ್ಲ, ಬಂಧುಗಳಿಂದ ಹಣ ಪಡೆದೇ ನಡೆಯುತ್ತಿದ್ದ ಸಂಸ್ಥೆ. ಹಣ ತಪ್ಪದೆ ಹೋಗುತ್ತಿತ್ತು. ಕಣ್ಣು ಮಾತ್ರ ಹೋಗುತ್ತಿರಲಿಲ್ಲ.

ಸರಕಾರವೇನು ಮಾಡುತ್ತಿದೆ ಎಂದು ಕೇಳಬಹುದು. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ 2007ರಲ್ಲಿಯೇ ಬಂದಿದೆ. ಅದರ 19ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರವು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮಗಳನ್ನು ಸ್ಥಾಪಿಸಬಹುದು. ಗಮನಿಸಿ, ‘ಬೇಕು’ ಅಲ್ಲ, ‘ಬಹುದು’. ಆ ಒಂದು ಪದದ ಸಂದಿಯಲ್ಲಿ ಎಷ್ಟು ಸರಕಾರಗಳು ನುಸುಳಿಕೊಂಡಿಲ್ಲ! ಖಾಸಗಿ ಆಶ್ರಮಗಳೂ ನೋಂದಾಯಿಸಿಕೊಳ್ಳಬೇಕು, ಕನಿಷ್ಠ ಮಟ್ಟದ ಸೌಕರ್ಯ ಇರಲೇಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂತು. ಸಮಿತಿಗೆ ಹೋಯಿತು, ವರದಿಯೂ ಬಂತು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಮುದುಕರು ಮೆರವಣಿಗೆ ಹೊರಡುವುದಿಲ್ಲವಲ್ಲ!

ಇಂಗ್ಲೆಂಡಿನಲ್ಲಿ 2009ರಿಂದ ಇಂಥ ಗೃಹಗಳನ್ನು ಪರೀಕ್ಷಿಸಲು ಪ್ರತ್ಯೇಕ ಆಯೋಗವೇ ಇದೆ. ಅದು ಕೊಟ್ಟ ದರ್ಜೆಯನ್ನು ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂದು 2015ರಿಂದ ಕಾನೂನು. ಹಾಗೆಂದು ಕಾನೂನೊಂದೇ ಸಾಕೆಂದೂ ಅಲ್ಲ. ಕೆನಡಾದ ಮಾಂಟ್ರಿಯಲ್ ಬಳಿಯ ಡೋರ್ವಾಲ್‌ನಲ್ಲಿ, ದುಬಾರಿ ಶುಲ್ಕದ ಖಾಸಗಿ ಗೃಹವೊಂದರಲ್ಲಿ 2020ರಲ್ಲಿ ಕೋವಿಡ್ ಹರಡಿದಾಗ ಹೆಚ್ಚಿನ ಸಿಬ್ಬಂದಿ ಕೆಲಸಕ್ಕೇ ಬರಲಿಲ್ಲ. ವೃದ್ಧರು ಹಸಿದು, ಬಾಯಾರಿ, ಹೊಲಸಿನಲ್ಲಿ ಬಿದ್ದಿದ್ದರು. ಬಂಧುಗಳ ಭೇಟಿಗೂ ಆಗ ನಿಷೇಧವಿತ್ತು. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದಾನು. ದಿನನಿತ್ಯದ ರಕ್ಷಣೆ ಬಂದು ಹೋಗುವವರ ಕಾಲಿನ ಸಪ್ಪಳದಲ್ಲಿದೆ.

ಹಾಗಾದರೆ ಕೇಳತಕ್ಕದ್ದೇನು? ಹಜಾರದ ಗ್ರಾನೈಟ್ ಬಗ್ಗೆ ಅಲ್ಲ. ರಾತ್ರಿ ಹತ್ತರ ನಂತರ ಎಷ್ಟು ಜನರಿಗೆ ಎಷ್ಟು ಆಯಾಗಳು ಎಂದು ಕೇಳಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತಾರೆಯೇ? ಇಲ್ಲವಾದರೆ ಬೆನ್ನು, ಸೊಂಟಗಳಲ್ಲಿ ಹುಣ್ಣಾಗುತ್ತದೆ. ಹೋದಾಗ ಹೊದಿಕೆ ಸರಿಸಿ ನೋಡಲು ಸಂಕೋಚ ಬೇಡ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುತ್ತಾರೆಯೇ? ತೂಕ ಇಳಿದಿದ್ದರೆ ಊಟದ ಪಟ್ಟಿಯ ವರ್ಣನೆಯನ್ನು ನಂಬಬೇಡಿ. ಡೈಪರ್ ಬದಲಾಯಿಸುವ ಶ್ರಮ ತಪ್ಪಲೆಂದು ನೀರು ಕಡಿಮೆ ಕೊಡುವ ಜಾಗಗಳುಂಟು. ಏಪ್ರಿಲ್-ಮೇ ತಿಂಗಳ ಹೈದರಾಬಾದಿನ ಬಿಸಿಲಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ. “ಬಹಳ ಶಾಂತವಾಗಿದ್ದಾರೆ” ಎಂದರೆ ಯಾವ ಮಾತ್ರೆ, ಯಾವ ವೈದ್ಯರ ಚೀಟಿ ಎಂದು ಕೇಳಿ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಇದೆಯೇ? ರಾತ್ರಿ ಬಾಗಿಲಿಗೆ ಬೀಗ ಹಾಕಿದರೆ ಬೀಗದ ಕೈ ಯಾರ ಬಳಿ? ಬೆಂಕಿ ಬಿದ್ದರೆ ಏಳಲಾರದವರನ್ನು ಹೊತ್ತು ಇಳಿಸುವವರು ಯಾರು? ಕೊನೆಯದಾಗಿ, ಮುಂಚೆ ತಿಳಿಸದೆ ಯಾವ ಹೊತ್ತಿಗಾದರೂ ಬಂದು ನೋಡಬಹುದೇ? “ಭಾನುವಾರ ನಾಲ್ಕರಿಂದ ಐದು ಮಾತ್ರ” ಎಂಬ ಉತ್ತರ ಬಂದರೆ, ಆ ಜಾಗ ಬೇಡ.

ನಮ್ಮವರಿಗೆ ಇನ್ನೊಂದು ಅಪಾಯ ಹೆಚ್ಚಿಗೆಯುಂಟು. ಅದು ಭಾಷೆ. ಐವತ್ತು ವರ್ಷ ಈ ಊರಿನಲ್ಲಿ ತೆಲುಗು, ಉರ್ದು, ಹಿಂದಿಗಳಲ್ಲಿ ವ್ಯವಹಾರ ಮಾಡಿದವರಿಗೂ ಮರೆವಿನ ಕಾಯಿಲೆ ಬಂದರೆ, ಆಮೇಲೆ ಕಲಿತ ನುಡಿಗಳು ಜಾರಿ, ತಾಯಿ ಕಲಿಸಿದ ನುಡಿಯೇ ಉಳಿಯುವುದುಂಟು. ಆಗ “ಎದೆ ಉರೀತದ”, “ನೀರಡಿಕಿ ಆಗೇದ” ಎಂದರೆ ಆಯಾಗೆ ಏನು ತಿಳಿಯಬೇಕು? ಅಜ್ಜಿ ಸುಮ್ಮನೆ ಗಲಾಟೆ ಮಾಡುತ್ತಾಳೆಂದು ನಿದ್ದೆಯ ಮಾತ್ರೆ ಕೊಟ್ಟಾರು. ಅತ್ತರೆ ಹಾಲು ಎನ್ನುತ್ತಾರೆ, ಅತ್ತದ್ದು ಅರ್ಥವಾಗಬೇಕಲ್ಲ! ಕನ್ನಡ ಉಳಿಯಬೇಕೆಂದು ನವೆಂಬರಿನಲ್ಲಿ ಭಾಷಣ ಮಾಡುವವರು ಈ ಕನ್ನಡದ ಕಡೆಗೂ ಒಮ್ಮೆ ಕಿವಿಗೊಡಲಿ.

“ಇದೆಲ್ಲ ಅವರವರ ಮನೆಯ ವಿಷಯ, ಸಂಘಕ್ಕೇಕೆ ಈ ಉಸಾಬರಿ?” ಎಂಬ ಆಕ್ಷೇಪಣೆ ಬರುತ್ತದೆಂದು ಬಲ್ಲೆ. ಮಕ್ಕಳ ಓದೂ ಅವರವರ ಮನೆಯ ವಿಷಯವೇ. ಆದರೂ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಕಟ್ಟಿದವರು ಈ ನಗರದ ಕನ್ನಡಿಗರೇ ಅಲ್ಲವೇ? ಮಕ್ಕಳಿಗಾಗಿ ಆದದ್ದು ಮುದುಕರಿಗಾಗಿ ಏಕೆ ಆಗಬಾರದು? ನಾವೇ ಒಂದು ಆಶ್ರಮ ಕಟ್ಟೋಣವೆಂದು ನಾನು ಹೇಳುತ್ತಿಲ್ಲ. ಶಂಕುಸ್ಥಾಪನೆಯ ಉತ್ಸಾಹ ಕಟ್ಟಡ ಏಳುವವರೆಗೆ ಉಳಿಯುವುದು ಅಪರೂಪ. ಕೇಳುವುದು ಸಣ್ಣ ಕೆಲಸ. ನಮ್ಮ ಹಿರಿಯರು ಯಾರು ಯಾವ ಆಶ್ರಮದಲ್ಲಿದ್ದಾರೆ ಎಂಬ ಪಟ್ಟಿಯನ್ನು, ಮನೆಯವರು ಒಪ್ಪಿದರೆ, ಕಾರ್ಯದರ್ಶಿಗಳು ಇಟ್ಟುಕೊಳ್ಳಲಿ. ಇಬ್ಬಿಬ್ಬರು ಸದಸ್ಯರು ಸರದಿಯ ಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಿ, ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿಸಿ ಬರಲಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯಲಿ. ನೋವು, ನೀರು, ಹಸಿವು, ಚಳಿ, ಬಚ್ಚಲು ಮುಂತಾದ ಇಪ್ಪತ್ತು ಕನ್ನಡ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದು ಹಾಸಿಗೆಯ ತಲೆದಿಕ್ಕಿಗೆ ಅಂಟಿಸಲಿ. ಇದಕ್ಕೆ ಕಟ್ಟಡ ನಿಧಿ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ. ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567 ಇದೆ, ಪೊಲೀಸರಿದ್ದಾರೆ. ಒಬ್ಬ ಮಗ ದೂರು ಕೊಡುವುದಕ್ಕೂ ಒಂದು ಸಂಘ ದೂರು ಕೊಡುವುದಕ್ಕೂ ವ್ಯತ್ಯಾಸವಿದೆ.

ಮೊದಲು ಆಗಬೇಕಾದದ್ದು ಇಷ್ಟು: ಮುಂದಿನ ಸಭೆಯಲ್ಲಿ ಮೂರನೆಯ ಸಾಲಿನ ಆ ಸದಸ್ಯ ತಲೆಯೆತ್ತಿ, “ನನ್ನ ತಾಯಿ ಇಂಥ ಆಶ್ರಮದಲ್ಲಿದ್ದಾಳೆ, ಯಾರಾದರೂ ಹೋಗಿ ನೋಡಿ ಬನ್ನಿ” ಎನ್ನುವಂತಾಗಬೇಕು. ಆಗ ಚಪ್ಪಾಳೆ ಬೇಡ. ಎದ್ದು ನಿಲ್ಲುವ ಇಬ್ಬರು ಬೇಕು.